ಕ್ಯಾಲ್ಸಿಯಂ ಗೆರೆ
ಮುದಿ ನಕ್ಷತ್ರಗಳ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ, ನಡುನಡುವೆ ಕಾಣುವ ಕಪ್ಪು ಗೆರೆಗಳಿಂದ ಅಲ್ಲಿ ಯಾವ ಧಾತು ಎಷ್ಟಿದೆಯೆಂದು ಅಳೆಯುವುದು ಜಯರಾಮರ ಕೆಲಸ. ಜಲಜನಕ, ಹೀಲಿಯಂ ಎರಡನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಲೋಹ ಎನ್ನುವುದು ಆ ಕಸುಬಿನವರ ರೂಢಿ. ಉಳಿದವರು ಅದನ್ನು ಆಫೀಸಿನಲ್ಲೇ ಬಿಟ್ಟು ಬರುತ್ತಾರೆ, ಇವರು ನುಂಗಂಬಾಕ್ಕಂನ ಮನೆಗೂ ಹೊತ್ತು ತರುತ್ತಿದ್ದರು. ಉಸಿರಾಡುವ ಆಮ್ಲಜನಕ ಲೋಹ, ತಟ್ಟೆಯ ಅನ್ನದೊಳಗಿನ ಇಂಗಾಲವೂ ಲೋಹ. ಪುರಸೈವಾಕ್ಕಂನಲ್ಲಿ ಹೆಂಡತಿ ಸರ್ವಮಂಗಳ ಸೀರೆ ಆರಿಸುತ್ತಿದ್ದರೆ, ಈ ನೂಲೆಲ್ಲ ಲೋಹವೇ ಎಂದು ಅಂಗಡಿಯವನಿಗೆ ಪಾಠ ಹೇಳುವರು. ಅವನು ಗಾಬರಿಬಿದ್ದು "ಇಲ್ಲ ಸಾರ್, ಪ್ಯೂರ್ ಕಾಟನ್" ಎನ್ನುವನು. "ನನ್ನನ್ನೂ ಲೋಹ ಅಂದ್ಬಿಡಿ, ಅದೊಂದು ಯಾಕೆ ಬಾಕಿ" ಎಂದು ಸರ್ವಮಂಗಳ ರೇಗಿದರೆ, "ಮೂಳೆ ತುಂಬ ಕ್ಯಾಲ್ಸಿಯಂ ಇಟ್ಕೊಂಡು ಅಲ್ಲ ಅನ್ನೋಕಾಗತ್ತೇನೆ" ಎಂದು ನಗುವರು. ಹೋದ ವರ್ಷ ಸರ್ವಮಂಗಳ ಜ್ವರದಲ್ಲಿ ತೀರಿಕೊಂಡರು. ಚಿತೆ ಆರಿದ ಮೇಲೆ ಜಯರಾಮರು ಬೂದಿಯಲ್ಲಿ ಕೈಯಾಡಿಸಿ, ಬೆಳ್ಳಗಿನ ಚೂರುಗಳನ್ನು ಒಂದೊಂದಾಗಿ ಮಡಕೆಗೆ ಆರಿಸಿಕೊಂಡು, ರಾಯಪುರಂ ಕಡಲಿಗೆ ಬಿಟ್ಟು ಬಂದರು. ಅಂದಿನಿಂದ ಅವರ ಬಾಯಲ್ಲಿ ಲೋಹ ಎಂಬ ಮಾತನ್ನು ಯಾರೂ ಕೇಳಿಲ್ಲ. ಕೆಲಸ ಮಾತ್ರ ನಿಂತಿಲ್ಲ. ಕಬ್ಬಿಣ, ಬೇರಿಯಂ, ಮೆಗ್ನೀಸಿಯಂ ಎಲ್ಲವನ್ನೂ ಮೊದಲಿನಷ್ಟೇ ಕರಾರುವಾಕ್ಕಾಗಿ ಅಳೆಯುತ್ತಾರೆ. ಕ್ಯಾಲ್ಸಿಯಂ ಗೆರೆ ಬಂದಾಗ ಕುರ್ಚಿಯಿಂದೆದ್ದು, ಪಕ್ಕದಲ್ಲಿ ಕೂತ ಶಿಷ್ಯೆ ತೇಜುವಿಗೆ "ಅದೊಂದು ನೀನೇ ಅಳೆದ್ಬಿಡಮ್ಮ" ಎಂದು ಹೇಳಿ, ಕೈ ತೊಳೆದುಕೊಳ್ಳಲು ಹೋಗುತ್ತಾರೆ.