ಒಂದು ಮೊಳದ ಹಫ್ತಾ

ನನ್ನ ಮೇಲೆ ಹಫ್ತಾ ವಸೂಲಿಯ ಆರೋಪ ಹೊರಿಸಲಾಗಿದೆ. ಹೊರಿಸಿದವರು ಪೊಲೀಸರಲ್ಲ, ಹಳೆಯ ವೈರಿಗಳೂ ಅಲ್ಲ. ನಾಲ್ಕನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಸ್ವಂತ ಮೊಮ್ಮಗಳು ಸಿಂಚನಾ. ಹೊರಿಸಿದ ಸ್ಥಳ ನನ್ನದೇ ಮನೆಯ ಪಡಸಾಲೆ. ಕೇಳಿಸಿಕೊಂಡವರು ಓಣಿಯ ಮಕ್ಕಳು ಮತ್ತು, ಮಕ್ಕಳಿಗಿಂತ ಹೆಚ್ಚಿನ ಉತ್ಸಾಹದಿಂದ, ಹೊರಗೆ ಹೂವು ಕಟ್ಟುತ್ತಿದ್ದ ಹೆಂಗಸರು. ನಾನು ನ್ಯಾಯಾಲಯದಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು. ಕೋಳಿ ಕದ್ದವನಿಗೂ ಅಲ್ಲಿ ಆರೋಪಪಟ್ಟಿಯ ಒಂದು ಪ್ರತಿ ಕೊಟ್ಟು, ತಪ್ಪು ಒಪ್ಪುತ್ತೀಯೋ ಇಲ್ಲವೋ ಎಂದು ಕೇಳುವ ಸೌಜನ್ಯವಿತ್ತು. ನನಗೆ ಅದೂ ದೊರೆಯಲಿಲ್ಲ.

ಪ್ರಕರಣಕ್ಕೆ ಹೋಗುವ ಮೊದಲು ಸ್ಥಳದ ಮಹಜರು ಆಗಬೇಕು. ಹೂವಿನಹಡಗಲಿಯ ನಮ್ಮ ಮನೆಯ ಮುಂದೆ ಕಲ್ಲಿನ ಕಟ್ಟೆಯೊಂದಿದೆ. ಅದರ ಮೇಲೆ ಮಧ್ಯಾಹ್ನದವರೆಗೂ ಕದಲದ ಬೇವಿನ ನೆರಳಿದೆ. ಬೆಳಿಗ್ಗೆ ತೋಟದಿಂದ ಬಂದ ಮಲ್ಲಿಗೆ ಮೊಗ್ಗನ್ನು ಹುಲಿಗೆಮ್ಮ ಮತ್ತು ಆಕೆಯ ಜೊತೆಗಾರ್ತಿಯರು ಆ ನೆರಳಿನಲ್ಲಿ ಕುಳಿತು ಮಾಲೆ ಕಟ್ಟುತ್ತಾರೆ. ಮಾಲೆ ದಾವಣಗೆರೆಯ ಬಸ್ಸು ಹಿಡಿಯಬೇಕು. ಅದಕ್ಕೂ ಮೊದಲು ಬಿಸಿಲು ತಾಗಿ ಮೊಗ್ಗು ಅರಳಿತೋ, ಅದು ದೇವರಿಗೆ ಸುಂದರ, ವ್ಯಾಪಾರಕ್ಕೆ ಕಸ. ಬಸ್ಸಿನ ಹೊತ್ತಿಗೆ ಮೇಲೇಳುವಾಗ ಹುಲಿಗೆಮ್ಮ ಒಂದು ಮೊಳ ಹೂವು ಹರಿದು ನಮ್ಮ ಬಾಗಿಲ ಮೊಳೆಗೆ ತೂಗುಹಾಕುತ್ತಾಳೆ. ನನ್ನ ತಾಯಿಯ ಕಾಲದಲ್ಲಿ ಹುಲಿಗೆಮ್ಮನ ತಾಯಿಯೂ ಹಾಗೆಯೇ ಮಾಡುತ್ತಿದ್ದಳು. ಕೊಡಿ ಎಂದು ನಾವು ಕೇಳಿದ್ದಿಲ್ಲ, ಕೊಟ್ಟೆವೆಂದು ಅವರು ಹೇಳಿದ್ದಿಲ್ಲ. ಹೂವಿನಲ್ಲಿ ಅರ್ಧ ದೇವರಿಗೆ, ಅರ್ಧ ನಮ್ಮ ಮನೆಯಾಕೆಯ ತುರುಬಿಗೆ ಸಲ್ಲುತ್ತದೆ. ಅರ್ಧ ಎಂಬ ಮಾತಿನಲ್ಲಿ ದೇವರಿಗೆ ಸ್ವಲ್ಪ ಅನ್ಯಾಯವಿದೆ. ಆದರೆ ಅದು ಬೇರೆ ಪ್ರಕರಣ.

ಈಗ ಅನಾಹುತದ ಭಾನುವಾರಕ್ಕೆ ಬರೋಣ. ಓಣಿಯಲ್ಲಿ ನಮ್ಮ ಟೀವಿಯೇ ದೊಡ್ಡದಾದ್ದರಿಂದ ಮಕ್ಕಳೆಲ್ಲ ಪಡಸಾಲೆಯಲ್ಲಿ ನೆರೆದಿದ್ದರು. ಕನ್ನಡದ ದನಿ ಕೂಡಿಸಿದ ಯಾವುದೋ ಪರದೇಶದ ಧಾರಾವಾಹಿ. ಮೈಗಂಟಿದ ನೀಲಿ ಅಂಗಿ ತೊಟ್ಟು, ಮುಖ ಮುಚ್ಚಿಕೊಂಡು ಮಾಳಿಗೆಯಿಂದ ಮಾಳಿಗೆಗೆ ಹಾರುವ ವೀರನೊಬ್ಬ. ಅಂದಿನ ಕಂತಿನಲ್ಲಿ ಅವನು ಹಳೆಯ ಬೀದಿಯೊಂದನ್ನು ಭೂಗತ ದೊರೆಯೊಬ್ಬನಿಂದ ಕಾಪಾಡಬೇಕಾಗಿತ್ತು. ದೊರೆಯನ್ನು ಎಲ್ಲರೂ ‘ಬಾಸ್’ ಎನ್ನುತ್ತಿದ್ದರು. ಹಣ್ಣಿನವಳು, ದರ್ಜಿ, ಬ್ರೆಡ್ಡಿನವನು ಎಲ್ಲರೂ ದಿನವೂ ಅವನಿಗೆ ಏನಾದರೊಂದು ಒಪ್ಪಿಸಬೇಕು.

ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಪತ್ರಿಕೆಯ ಮರೆಯಿಂದ ನೋಡುತ್ತಿದ್ದ ನನಗೆ ಬಾಸ್‌ನ ಮೇಲೆ ಸ್ವಲ್ಪ ಗೌರವವೇ ಹುಟ್ಟಿತ್ತು. ಇಸ್ತ್ರಿ ಮಾಡಿದ ಬಟ್ಟೆ. ನೆಟ್ಟಗೆ ಕೂಡುವ ಅಭ್ಯಾಸ. ಚಹಾ ತಂದವನ ಕಡೆಗೆ ತಲೆಯಾಡಿಸುವ ಸೌಜನ್ಯ. ಬೀದಿಯ ಪ್ರತಿಯೊಬ್ಬರ ಹೆಸರೂ, ಯಾರು ಯಾವಾಗ ಎದುರು ಮಾತನಾಡಿದರೆಂಬುದೂ ಅವನಿಗೆ ನೆನಪಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಇಡೀ ಕಂತಿನಲ್ಲಿ ಶುದ್ಧವಾದ ವಾಕ್ಯ ಆಡುತ್ತಿದ್ದವನು ಅವನೊಬ್ಬನೇ. ‘ಈ ಬೀದಿ ಬದುಕಿರುವುದು ನನ್ನ ನೆರಳಿನಲ್ಲಿ’ ಎಂದು ಅವನು ಹೇಳಿದಾಗ ಯಾವ ವಿಭಕ್ತಿಯೂ ಕಾಲು ಜಾರಲಿಲ್ಲ. ವೀರನ ಸಾಹಿತ್ಯವೆಲ್ಲ ‘ಹಾ’ ಮತ್ತು ‘ಹೂಂ’ಗಳಲ್ಲಿ ಮುಗಿದುಹೋಗುತ್ತಿತ್ತು.

ಬಾಸ್ ‘ನೆರಳು’ ಎಂದ ಆ ಕ್ಷಣಕ್ಕೇ ಹುಲಿಗೆಮ್ಮ ಬಾಗಿಲ ಮೊಳೆಗೆ ಹೂವು ತೂಗುಹಾಕಬೇಕೆ! ಸಿಂಚನಾ ಟೀವಿಯನ್ನು ನೋಡಿದಳು, ಮೊಳೆಯನ್ನು ನೋಡಿದಳು, ಬೇವಿನ ಮರವನ್ನು ನೋಡಿದಳು. ಆಮೇಲೆ ನಿಧಾನವಾಗಿ ನನ್ನ ಕಡೆಗೆ ತಿರುಗಿದಳು.

“ಅಜ್ಜಾ, ನೀನೂ ಹಫ್ತಾ ತಗೊಂತೀಯೇನು?”

ನಾನು ಕನ್ನಡಕ ತೆಗೆದು ಉತ್ತರಕ್ಕೆ ಸಿದ್ಧನಾಗುವಷ್ಟರಲ್ಲಿ ಅವಳು ಹೊಸ್ತಿಲಿಗೆ ಹೋಗಿ ಸಾಕ್ಷಿ ವಿಚಾರಣೆ ಆರಂಭಿಸಿಯಾಗಿತ್ತು.

“ಹುಲಿಗೆಮ್ಮಜ್ಜಿ, ನೀ ಹೂವು ಕೊಡಲಿಲ್ಲಂದ್ರ ನಮ್ಮಜ್ಜ ಏನು ಮಾಡ್ತಾನ?”

ಹುಲಿಗೆಮ್ಮ ತನ್ನ ಜೀವಮಾನದಲ್ಲಿ ಒಂದು ತಮಾಷೆಯನ್ನೂ ವ್ಯರ್ಥವಾಗಲು ಬಿಟ್ಟವಳಲ್ಲ. ಎದೆಯ ಮೇಲೆ ಕೈಯಿಟ್ಟುಕೊಂಡು, “ಅಯ್ಯ ನನ್ನ ತಾಯಿ, ಏನಂತ ಹೇಳ್ಲಿ! ಕಟ್ಟಿ ಮ್ಯಾಲಿಂದ ಎಬ್ಬಿಸಿ ಓಡಸ್ತಾನವ್ವ. ಅವನ ಮೀಸಿ ನೋಡಿದ್ಯಾ? ಅಂಜಿಕಿಗೇ ಕೊಡಾಕತ್ತೀವಿ” ಎಂದಳು. ಕಟ್ಟೆಯ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಅಡುಗೆಮನೆಯಿಂದಲೂ ಒಂದು ನಗೆ ಕೇಳಿಸಿತು. ಅದು ಯಾರದೆಂದು ಬಲ್ಲೆ. ಪ್ರಮಾಣ ಮಾಡಿಸದೆ ನುಡಿದ ಸಾಕ್ಷ್ಯವಾದರೂ ಮಕ್ಕಳ ನ್ಯಾಯಾಲಯದಲ್ಲಿ ಅಂಗೀಕೃತವಾಯಿತು. ಹುಲಿಗೆಮ್ಮ ಮರೆತಿರಬಹುದು. ನಾನು ಮರೆತಿಲ್ಲ.

ಮರುದಿನ ಶಾಲೆಗೆ ರಜೆಯಿತ್ತು. ಮಕ್ಕಳು ನನ್ನ ಹಣೆಬರಹಕ್ಕೆಂದೇ ಬಿಡುವಾಗಿ ಕುಳಿತಿದ್ದರು. ಹುಲಿಗೆಮ್ಮ ಹೂವು ತೂಗುಹಾಕಿದ ಕೂಡಲೇ ಕೊರಳಿಗೆ ತಮ್ಮ ತಾಯಂದಿರ ಓಢಣಿ ಕಟ್ಟಿಕೊಂಡ ಪಡೆಯೊಂದು ನುಗ್ಗಿಬಂದು, ಮೊಳೆಯಿಂದ ಅದನ್ನು ಬಿಡಿಸಿ, ಆಕೆಯ ಬುಟ್ಟಿಗೇ ಹಿಂದಿರುಗಿಸಿತು. “ಅಂಜಬ್ಯಾಡ ಅಜ್ಜಿ, ನಾವು ಅದೀವಿ!” ಎಂದು ಸಿಂಚನಾ ಅಭಯವಿತ್ತಳು. ಎದುರು ಮನೆಯ ಕೊಟ್ರೇಶಪ್ಪ ತನ್ನ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದ. ಈ ಕೊಟ್ರೇಶಪ್ಪ ಯಾರೆಂದರೆ, ನನ್ನ ಏಣಿಯನ್ನು ಎರವಲು ಒಯ್ದು, ಮೆಟ್ಟಿಲು ಮುರಿದು ತಂದಿಟ್ಟು, “ಮೊದಲ ಹಂಗ ಇತ್ತಲ್ರಿ” ಎಂದವನು. ಮಗನ ಮದುವೆಯಲ್ಲಿ ನನ್ನನ್ನು ಬೀಗರಿಗೆ ಪರಿಚಯಿಸುವಾಗ ‘ಕೋರ್ಟಿನ್ಯಾಗ ಏನೋ ಬರಕೊಂಡಿದ್ರು’ ಎಂದವನು. ಏನೋ!

ಆ ಚಪ್ಪಾಳೆ ನನ್ನನ್ನು ಕೆಣಕಿತು. ಕಟ್ಟೆಯ ಮೇಲೆ ನಿಂತು, ಸ್ಪಷ್ಟವಾದ ಧ್ವನಿಯಲ್ಲಿ, ಇಂದಿನಿಂದ ಈ ಮನೆಗೆ ಒಂದೆಸಳು ಹೂವೂ ಬೇಡ, ಕಟ್ಟೆಯನ್ನು ಎಂದಿನಂತೆ ಬಳಸಿಕೊಳ್ಳಲು ಯಾವ ಆಕ್ಷೇಪಣೆಯೂ ಇಲ್ಲ ಎಂದು ಪ್ರಕಟಿಸಿದೆ. ಹುಲಿಗೆಮ್ಮನ ನಗು ನಿಂತುಹೋಯಿತು. ಉದಾರವಾದ ಆದೇಶವೆಂದು ನನಗೆ ನಾನೇ ತಲೆದೂಗುತ್ತ ಒಳಗೆ ಬಂದೆ.

“ದೇವರಿಗೆ ಹೂವು?” ಎಂದಳು ಮನೆಯಾಕೆ.

“ಪೇಟೆಯಿಂದ ತರುತ್ತೇನೆ.”

“ತರ್ರಿ ತರ್ರಿ. ಹಡಗಲಿಯಾಗ ಹುಟ್ಟಿ ಮಲ್ಲಿಗಿ ಕೊಂಡು ತರೋ ಗಂಡಸು ಹ್ಯಾಂಗಿರ್ತಾನ ಅಂತ ಮಂದಿನೂ ಒಂದೀಟು ನೋಡ್ಲಿ.”

ಮರುದಿನ ಕಟ್ಟೆ ಖಾಲಿಯಾಗಿತ್ತು. ಹೆಂಗಸರು ಚಾಪೆ ಹಾಸಿ ಕುಳಿತಿದ್ದುದು ಕೊಟ್ರೇಶಪ್ಪನ ಕಟ್ಟೆಯ ಮೇಲೆ. ಮರ ನೆಟ್ಟರೆ ಎಲೆ ಬೀಳುತ್ತದೆಂದು ನೆಡದ ಮನುಷ್ಯನ ಕಟ್ಟೆ ಅದು. ಬಿಸಿಲು ಅಲ್ಲಿ ನೇರವಾಗಿ ನೆತ್ತಿಗೇ ಇಳಿಯುತ್ತದೆ. ಸೆರಗು ತಲೆಗೆಳೆದುಕೊಂಡು, ಮೊಗ್ಗಿನ ಮೇಲೆ ಒದ್ದೆ ಬಟ್ಟೆ ಹೊದಿಸಿಕೊಂಡು ಅವರು ಕಟ್ಟುತ್ತಿದ್ದರು. ಅನುಮತಿ ಇದೆಯೆಂದು ಹೇಳಿದ್ದೆನಲ್ಲ ಎಂದು ನಾನು ಕೂಗಿ ಕೇಳಿದೆ.

ಹುಲಿಗೆಮ್ಮ ತಲೆಯೆತ್ತದೆ ಹೇಳಿದಳು: “ನಮ್ಮ ಕಡಿಂದ ಹೂವು ತಗೊಳ್ಳದವರ ಕಟ್ಟಿ ಮ್ಯಾಲೆ ಪುಕ್ಕಟ್ಟಿ ಕುಂದ್ರಾಕ ನಾವೇನು ತಿರಕೊಂಡು ಬಂದೀವೇನ್ರಿ, ಅಣ್ಣಾರ?”

ಕೊಟ್ರೇಶಪ್ಪ ಬಾಗಿಲಿಗೆ ಬಂದ. ಕಿವಿಯ ಮೇಲೆ ಒಂದು ಮಲ್ಲಿಗೆ ಸಿಕ್ಕಿಸಿಕೊಂಡಿದ್ದ, ಆ ವಯಸ್ಸಿನಲ್ಲಿ. “ಏನ್ರಿ ಶಿರಸ್ತೇದಾರ್ರ, ಕಟ್ಟಿ ಖಾಲಿ ಕುಂತೈತಿ? ಬಾಡಿಗಿಗೆ ಕೊಡೋದಿದ್ರ ಬೋರ್ಡ್ ಹಾಕ್ರಿ!”

ಆಗ ನಾನು ಒಳಗೆ ಕುಳಿತು ನನ್ನ ಜ್ಞಾನವನ್ನೆಲ್ಲ ಒಟ್ಟುಗೂಡಿಸಿ ಯೋಚಿಸಿದೆ. ಒಬ್ಬರಿಂದ ಒಬ್ಬರಿಗೆ ಸಲ್ಲುವ ಸಂದಾಯಗಳು ಹಲವು. ಕೊಡದಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆಯಿಂದಲೇ ಅವನ್ನು ಬೇರ್ಪಡಿಸಬಹುದು. ತೆರಿಗೆ ಕೊಡದಿದ್ದರೆ ನೋಟಿಸು ಬರುತ್ತದೆ. ಬಾಡಿಗೆ ಕೊಡದಿದ್ದರೆ ಮಾಲೀಕ ಬರುತ್ತಾನೆ. ಹಫ್ತಾ ಕೊಡದಿದ್ದರೆ ಯಾತಕ್ಕೂ ಮಾಲೀಕನಲ್ಲದವನು ಬರುತ್ತಾನೆ. ಹುಲಿಗೆಮ್ಮನ ಒಂದು ಮೊಳ ಇದಾವುದಕ್ಕೂ ಸೇರದು, ಏಕೆಂದರೆ ಅಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ: ತೆಗೆದುಕೊಳ್ಳದಿದ್ದರೆ ಏನಾಗುತ್ತದೆ? ಉತ್ತರ ಎದುರಿಗೇ ಬಿಸಿಲಲ್ಲಿ ಬೇಯುತ್ತಿತ್ತು. ಆ ಹೂವು ನಮ್ಮ ದೊಡ್ಡಸ್ತಿಕೆಗೆ ಸಲ್ಲಿಸಿದ ಕಪ್ಪವಾಗಿರಲಿಲ್ಲ. ನಮ್ಮ ಹಂಗಿಲ್ಲದೆ ನಮ್ಮ ಕಟ್ಟೆಯ ಮೇಲೆ ಕಾಲು ಚಾಚಿ ಕೂಡಲು ಅವರು ಇಟ್ಟುಕೊಂಡ ಹಕ್ಕಾಗಿತ್ತು. ನಾನು ಅದನ್ನು ‘ಬೇಡ’ ಎಂದು ಮಹಾತ್ಯಾಗಿಯಂತೆ ನಿರಾಕರಿಸಿದಾಗ, ನಿಜವಾದ ಬಾಸ್‌ಗಳು ಮಾಡುವ ಕೆಲಸವನ್ನೇ ಮಾಡಿದ್ದೆ. ಅವರನ್ನು ಎಬ್ಬಿಸಿದ್ದೆ.

ಇದೆಲ್ಲ ಉನ್ನತ ಚಿಂತನೆ. ಇದಕ್ಕಿಂತ ಕೆಳಮಟ್ಟದ, ಆದರೆ ಹೆಚ್ಚು ತೀವ್ರವಾದ ಸಂಕಟ ಬೇರೊಂದಿತ್ತು. ಕಿಟಕಿಯ ಪಕ್ಕ ಕುಳಿತರೆ ಕಟ್ಟೆಯ ಮಾತು ನನಗೆ ಕೇಳುತ್ತಿತ್ತು. ತಂಬ್ರಹಳ್ಳಿಯಲ್ಲಿ ಯಾರ ಮಗಳ ಮದುವೆ ಮುರಿಯಿತು, ಯಾವ ಅತ್ತೆ ಸೊಸೆಯ ಮೊಬೈಲನ್ನು ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟಳು ಎಂಬುದನ್ನೆಲ್ಲ ಪತ್ರಿಕೆ ಓದುವ ನೆಪದಲ್ಲಿ ತಿಳಿದುಕೊಳ್ಳುತ್ತಿದ್ದೆ. ಮುರಿದ ಮದುವೆಯ ಕಾರಣ ಇನ್ನೂ ಹೊರಬಂದಿರಲಿಲ್ಲ. ಈಗ ಅದನ್ನು ಕೊಟ್ರೇಶಪ್ಪ ಕೇಳುತ್ತಾನೆ! ನನ್ನ ಪಾಲಿಗೆ ಪತ್ರಿಕೆ ಮಾತ್ರ ಉಳಿದಿತ್ತು, ಮತ್ತು ಅದನ್ನು ನಿಜವಾಗಿಯೂ ಓದಬೇಕಾಗಿ ಬಂದಿತ್ತು.

ಮುಂದಿನ ಭಾನುವಾರ ಕಥೆಯ ಉಳಿದರ್ಧ ಬಂತು. ವೀರ ಬಾಸ್‌ನನ್ನು ಗಾಜಿನ ಕಿಟಕಿಯ ಮೂಲಕ ಹೊರಗೆಸೆದ. ಜನ ಜಯಘೋಷ ಮಾಡಿದರು. ಸಿಂಚನಾ ಮಾತ್ರ ಕುಣಿಯಲಿಲ್ಲ. ಬಾಗಿಲಲ್ಲಿ ನಿಂತು ಎದುರು ಕಟ್ಟೆಯನ್ನು ನೋಡುತ್ತಿದ್ದಳು. ಹುಲಿಗೆಮ್ಮ ಅರಳಿಹೋದ ಮೊಗ್ಗನ್ನು ಆರಿಸಿ ಆರಿಸಿ ಬೀದಿಗೆ ಎಸೆಯುತ್ತಿದ್ದಳು.

“ಅಜ್ಜಾ,” ಎಂದಳು ಮೊಮ್ಮಗಳು, ತೀರ್ಪು ಬರೆಯುವವರ ಗಾಂಭೀರ್ಯದಿಂದ, “ಬಾಸ್ ಇದ್ದಾಗ ಅವ್ರು ನೆಳ್ಳಾಗ ಇದ್ರು. ನಾವು ಕಾಪಾಡಿದ ಮ್ಯಾಲೆ ಬಿಸಲಾಗ ಅದಾರ.”

ಅವಳೇ ಓಡಿಹೋಗಿ ಕರೆದಳು. ಹುಲಿಗೆಮ್ಮ ಜಗ್ಗಲಿಲ್ಲ: “ಎಬ್ಬಿಸಿದವ್ರೇ ಬಂದು ಕರೀಲಿ.”

ಆದ್ದರಿಂದ ನಾನು ರಸ್ತೆ ದಾಟಿದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟೇ ದಾಟಿದೆ. ಕೊಟ್ರೇಶಪ್ಪ ಕುರ್ಚಿ ತಂದು ಹಾಕಿಕೊಂಡು ಕುಳಿತು ನೋಡಿದ. ಜಗತ್ತಿನ ಯಾವ ಧಾರಾವಾಹಿಯಲ್ಲೂ ಬಾಸ್ ಒಬ್ಬ ಬೀದಿಯವರ ಮುಂದೆ ನಿಂತು, ದಯವಿಟ್ಟು ಹಫ್ತಾ ಕೊಡಿ ಎಂದು ಬೇಡಿಕೊಂಡದ್ದು ನಾನು ಕಾಣೆ.

“ಹುಲಿಗೆಮ್ಮ, ನಮ್ಮ ದೇವರಿಗೆ ಹೂವಿಲ್ಲ” ಎಂದೆ.

“ದೇವರಿಗಿಲ್ಲೋ, ನಿಮಗಿಲ್ಲೋ?”

“ಇಬ್ಬರಿಗೂ ಇಲ್ಲ.”

ಆಕೆ ಕಣ್ಣು ಕಿರಿದು ಮಾಡಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಚಾಪೆ ಸುತ್ತತೊಡಗಿದಳು. “ಏಳ್ರವ್ವ, ಬಾಸ್ ಬಂದಾರ. ಇವತ್ತು ಒಂದೂವರಿ ಮೊಳ ಕೊಡೂಣು, ಬಡವ ಸೊರಗಿ ಹೋಗ್ಯಾನ!” ಬುಟ್ಟಿಗಳನ್ನು ಹೊತ್ತು ತಂದವರು ಓಢಣಿಯ ಪಡೆಯವರು. ಈಗ ಹೂವನ್ನು ಮೊಳೆಗೆ ತೂಗುಹಾಕುವ ಕೆಲಸವೂ ಅವರದೇ. ಚುಟುಕಾಗಿ ಹೇಳುವುದಾದರೆ, ವೀರರೆಲ್ಲ ನನ್ನ ಕಡೆಯ ಜನವಾಗಿದ್ದಾರೆ. ಮದುವೆ ಮುರಿದ ಕಾರಣವೂ ಅಂದೇ ಕಿಟಕಿಯಿಂದ ಒಳಗೆ ಬಂತು. ಅದನ್ನು ಇಲ್ಲಿ ಬರೆಯಲಾಗದು.

ಮಕ್ಕಳನ್ನು ಕ್ಷಮಿಸಿದ್ದೇನೆ. ಹುಲಿಗೆಮ್ಮನ ವಿಷಯ ವಿಚಾರಣೆಯಲ್ಲಿದೆ. ಆದರೆ ಮೂಲ ಆರೋಪಿಗಳು ನೀವು, ಆ ಕಂತನ್ನು ತಯಾರಿಸಿ ಊರೂರಿಗೆ ಕಳಿಸಿದ ಮಹನೀಯರು. ನಮ್ಮ ಸೀಮೆಯ ಹಳೆಯ ವೀರಗಲ್ಲುಗಳನ್ನು ನೀವು ನೋಡಿರಲಾರಿರಿ. ಕೆಳಗಿನ ಪಟ್ಟಿಕೆಯಲ್ಲಿ ವೀರ ಊರಿಗಾಗಿ ಕಾದಾಡುತ್ತಾನೆ, ನಡುವಿನದರಲ್ಲಿ ಅಪ್ಸರೆಯರು ಅವನನ್ನು ಒಯ್ಯುತ್ತಾರೆ, ಮೇಲಿನದರಲ್ಲಿ ಅವನು ದೇವರ ಪಕ್ಕ ನೆಮ್ಮದಿಯಾಗಿ ಕುಳಿತಿರುತ್ತಾನೆ. ಕಡೆಗೆ ಕೂಡುವುದು ಮುಖ್ಯ ಎಂದು ಆ ಶಿಲ್ಪಿಗೆ ಗೊತ್ತಿತ್ತು. ನಿಮ್ಮ ಎರಡು ಕಂತುಗಳನ್ನೂ ನಾನು ಬಿಡದೆ ನೋಡಿದ್ದೇನೆ. ನಿಮ್ಮ ಬೀದಿಯಲ್ಲಿ ಜನ ಓಡಿದರು, ಅಡಗಿದರು, ನಿಂತು ಚಪ್ಪಾಳೆ ತಟ್ಟಿದರು, ಬಾಗಿಲು ಹಾಕಿಕೊಂಡರು. ಒಂದು ಮನೆಯ ಮುಂದಾದರೂ ಕಟ್ಟೆಯಿರಲಿಲ್ಲ, ಒಬ್ಬರ ಬಾಗಿಲಲ್ಲಿ ಇನ್ನೊಬ್ಬರು ಕುಳಿತದ್ದಿಲ್ಲ. ಹಾಗಾದರೆ ಸ್ವಾಮಿ, ನಿಮ್ಮ ವೀರ ಅಷ್ಟೊಂದು ಗಾಜು ಒಡೆದು ಉಳಿಸಿದ್ದಾದರೂ ಏನನ್ನು?