ಮೂರನೆಯ ತಗಡು, ಐದನೆಯ ಕಿಂಡಿ

ಲೇಸರ್ ಬೆಳಕು ಬಿದ್ದರೆ ಕಮಲಾಪುರದ ಕೆಂಪು ಬಾಳೆಯ ಸಿಪ್ಪೆ ಎಲ್ಲೆಲ್ಲಿ ಎಷ್ಟೆಷ್ಟು ಮಿನುಗುತ್ತದೆ ಎಂದು ಚಿತ್ರ ತೆಗೆಯುವುದೇ ತೊಂಬತ್ತರ ದಶಕದಲ್ಲಿ ನನ್ನ ಪಿಎಚ್.ಡಿ. ಕಲಬುರಗಿಯ ನಮ್ಮ ಲ್ಯಾಬಿನಲ್ಲಿ ಅದಕ್ಕೆ ತಕ್ಕ ಕ್ಯಾಮೆರಾ ಇರಲಿಲ್ಲ. ಇದ್ದದ್ದು ಬೆಳಕು ಅಳೆಯುವ ಒಂದೇ ಒಂದು ಕೊಳವೆ.

ಗೈಡ್ ಸರ್ ಗಣಿತದ ದಾರಿ ತೋರಿಸಿದರು. ಸಿಪ್ಪೆಗೆ ಏಳು ಭಾಗ, ಅಡ್ಡ ಹಿಡಿಯಲು ಏಳು ತಗಡು. ಪ್ರತಿ ತಗಡಿನಲ್ಲೂ ಭಾಗಕ್ಕೊಂದರಂತೆ ಏಳು ಸಣ್ಣ ಕಿಂಡಿ, ಅವುಗಳಲ್ಲಿ ನಾಲ್ಕು ತೆರೆದಿರುತ್ತವೆ, ಮೂರು ಮುಚ್ಚಿರುತ್ತವೆ. ಯಾವ ನಾಲ್ಕು ಎಂಬುದು ಮಾತ್ರ ಬೇರೆ ಬೇರೆ. ಏಳು ಸಲ ಅಳೆದು ಬಂದ ಮೊತ್ತಗಳನ್ನು ಕೂಡಿ ಕಳೆದರೆ ಒಂದೊಂದು ಭಾಗದ ಪಾಲೂ ಹೊರಬೀಳುತ್ತದೆ. ಒಂದೇ ಭಾಗದ ಬೆಳಕು ಕೊಳವೆಗೆ ಸರಿಯಾಗಿ ಸಿಗದಷ್ಟು ಮಂದ, ನಾಲ್ಕು ಸೇರಿದರೆ ಸಿಗುತ್ತದೆ. ಒಂಟಿಯಾಗಿ ಪಿಸುಗುಟ್ಟುವವರು ನಾಲ್ವರು ಸೇರಿದರೆ ಕೇಳಿಸುವಂತೆ ಮಾತಾಡುತ್ತಾರಲ್ಲ, ಹಾಗೆ.

ಸರ್ ಆ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಅಷ್ಟರೊಳಗೆ ಚಿತ್ರ ಬರದಿದ್ದರೆ ಹೊಸ ಗೈಡ್ ಹುಡುಕಿ ನಾನು ಮತ್ತೆ ಮೊದಲಿನಿಂದ ಶುರು ಮಾಡಬೇಕಿತ್ತು.

ದಸರಾ ರಜೆ ಮುಗಿಸಿ ಬಂದು ಅಳೆದರೆ ಚಿತ್ರವೆಲ್ಲ ಕೆಟ್ಟಿತ್ತು. ಒಂದು ಕಡೆ ಬೆಳಕು ಸೊನ್ನೆಗಿಂತ ಕಡಿಮೆ. ಕತ್ತಲೆಗಿಂತ ಕಪ್ಪಾದ ಬಾಳೆಹಣ್ಣನ್ನು ಯಾರು ಕಂಡಿದ್ದಾರೆ? ಸಿಟ್ಟು ನೆತ್ತಿಗೇರಿ ಬಸ್ಸು ಹತ್ತಿದೆ. ಕಮಲಾಪುರದಲ್ಲಿ ಹಣ್ಣು ಕೊಡುತ್ತಿದ್ದ ತೋಟದ ಅಜ್ಜಿಯ ಜೊತೆ ಜಗಳ ತೆಗೆದೆ.

“ನಮ್ಮ ಹಣ್ಣಿಗಿ ಹೆಸರಿಡಬ್ಯಾಡ ಯವ್ವಾ. ಕುಣಿಯಾಕ ಬರ್ಲಾರದಾಕಿ ನೆಲ ಡೊಂಕ ಅಂದಳಂತ,” ಎಂದು ಆಕೆ ಇನ್ನೆರಡು ಹಣ್ಣು ಕೈಗಿಟ್ಟಳು.

ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಗೆ ಬಂದು ಅವ್ವನ ಮುಂದೆ ಗೋಳಾಡಿದೆ. “ಹಂಗ್ಯಾಕ ಆಗ್ತದ? ಖಂಡೆ ಪೂಜಾಕ್ಕ ನಿನ್ನ ತಗಡಿಗಿ ನಾನೇ ಅರಿಷಿಣ ಹಚ್ಚೀನಲ್ಲ,” ಎಂದಳು. ಅಂಚು ಉಜ್ಜಲು ನಾನು ಮನೆಗೆ ತಂದಿದ್ದ ತಗಡುಗಳನ್ನು ಆಯುಧಪೂಜೆಯ ದಿನ ಕುಡುಗೋಲು, ಈಳಿಗೆಗಳ ಸಾಲಿನಲ್ಲಿಟ್ಟು ಪೂಜಿಸಿ, ಮರುದಿನ ಒರೆಸಿಯೂ ಇಟ್ಟಿದ್ದಳಂತೆ. ಬಾಯಿಗೆ ಬಂದಂತೆ ಬೈದೆ. ಅವ್ವ ನನ್ನ ಜೊತೆ ಮಾತು ಬಿಟ್ಟಳು.

ಮರುದಿನ ಲ್ಯಾಬಿನಲ್ಲಿ ಅರಿಶಿನದ ಕತೆ ಹೇಳಿ ತಗಡು ತೊಳೆಯಲು ಹೊರಟೆ. “ತೊಳೀಬ್ಯಾಡ,” ಎಂದರು ಸರ್. “ಯಾವ ತಗಡು, ಯಾವ ಕಿಂಡಿ ಅಂತ ಮೊದಲ ಲೆಕ್ಕದಿಂದ ಹೇಳು.”

ಹಬ್ಬಕ್ಕೆ ಮುಂಚೆ ಪರೀಕ್ಷೆಗೆಂದು ಅಳೆದಿದ್ದ, ಹಣ್ಣಿನಂತೆ ಬದಲಾಗದ ಬಣ್ಣದ ಗಾಜನ್ನೇ ಮತ್ತೆ ಅಳೆದೆ. ಮೂರನೆಯ ತಗಡಿನ ಮೊತ್ತವೊಂದೇ ಇಳಿದಿತ್ತು. ಇಳಿದದ್ದು ಸರಿಯಾಗಿ ಐದನೆಯ ಭಾಗದ ಪಾಲಿನಷ್ಟು. ಸರ್ ಭೂತಗನ್ನಡಿ ಹಿಡಿದು ನೋಡಿದರು. ಐದನೆಯ ಕಿಂಡಿಯಲ್ಲಿ ಅರಿಶಿನ ಒಣಗಿ ಕೂತಿತ್ತು. ಆ ಒಂದು ಕಿಂಡಿಯ ಸುಳ್ಳು ಚಿತ್ರದ ಏಳೂ ಭಾಗಗಳಿಗೆ ಹಂಚಿಹೋಗಿತ್ತು.

“ತನ್ನ ತಪ್ಪ ತಾನೇ ತೋರಿಸ್ತದ ನೋಡು ಈ ಪದ್ಧತಿ. ಇದನ್ನೂ ಥೀಸಿಸ್‌ನ್ಯಾಗ ಬರಿ,” ಎಂದು ನಕ್ಕರು. ತೊಳೆದ ತಗಡಿನಿಂದ ಚಿತ್ರ ಚೆಂದ ಬಂತು. ಸರ್ ಸಹಿ ಹಾಕಿಯೇ ನಿವೃತ್ತರಾದರು.

ಆ ಸುದ್ದಿ ಹೇಳಿದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ತಲೆಯೆತ್ತಲಿಲ್ಲ.

“ಸಹಿ ಆತಲ್ಲ. ಈಗ ನನಗ ಬೈದದ್ದು ವಾಪಸ್ ತಗೊ.”

ನಗುವೂ ಅಳುವೂ ಒಟ್ಟಿಗೇ ಬಂದವು. ಹಿಟ್ಟಿನ ಕೈ ಹಿಡಿದು ತಪ್ಪಾಯಿತೆಂದೆ.