ಬಂಪರ್ ಮೇಲೆ ಕುಳಿತಿದ್ದ ಅಣ್ಣ

2022ರ ಕಬ್ಬಿನ ಹಂಗಾಮಿನಲ್ಲಿ ನಾನು ಹುಮನಾಬಾದ್, ಬಸವಕಲ್ಯಾಣ ಭಾಗದ ಮೋಟಾರು ವಾಹನ ನಿರೀಕ್ಷಕನಾಗಿದ್ದೆ. ಮೂಗಿನ ತುದಿಯಲ್ಲೇ ಕೋಪ ಎಂದು ಹೆಸರಾಗಿದ್ದವನು. ಆ ಹೆಸರು ಕೆಡದಂತೆ ನಡೆದುಕೊಳ್ಳುತ್ತಲೂ ಇದ್ದೆ.

ಒಂದು ಬೆಳಿಗ್ಗೆ ರಾಜೇಶ್ವರದ ಕಡೆಯಿಂದ ಕಬ್ಬು ಹೇರಿದ ಎರಡು ಟ್ರಾಲಿ ಎಳೆದುಕೊಂಡು ಒಂದು ಟ್ರ್ಯಾಕ್ಟರ್ ಬಂತು. ಅದರ ಮುಂದಿನ ಬಂಪರ್ ಮೇಲೆ ಐವತ್ತು ದಾಟಿದ ಒಬ್ಬರು ಹಿಂದಿನ ಟ್ರಾಲಿಗಳತ್ತ ಮುಖ ಮಾಡಿ, ಬೀಗರ ಮನೆಯ ಕಟ್ಟೆಯ ಮೇಲೆ ಕುಳಿತಂತೆ ಆರಾಮವಾಗಿ ಕುಳಿತಿದ್ದರು. ನಿಲ್ಲಿಸಿದೆ. ಓಡಿಸುತ್ತಿದ್ದವನು ಕಾಶಿನಾಥ, ಕುಳಿತವರು ಅವನ ಅಣ್ಣ ಶರಣಪ್ಪ.

"ಏರಿಗಿ ಬಂದ್ರ ಮುಂದಿನ ಗಾಲಿ ಮ್ಯಾಲ ಏಳ್ತಾವರಿ ಸಾಹೇಬ್ರೆ. ಅಣ್ಣ ಕುಂತ್ರ ಬರೋಬ್ಬರಿ ಹಿಡಿತದ" ಎಂದ ಕಾಶಿನಾಥ.

"ನಾಕ್ ಹಂಗಾಮ ಆಯ್ತ್ರಿ, ಇದು ನಂದೇ ಕೆಲ್ಸ" ಎಂದು ಶರಣಪ್ಪ ಹೆಮ್ಮೆಯಿಂದ ಸೇರಿಸಿದರು.

ಗಾಲಿ ಎದ್ದು ಬಿದ್ದರೆ ಮೊದಲು ಅದರಡಿ ಸಿಗುವವರು ಅವರೇ. ಕಾಶಿನಾಥ ಮಾತ್ರ ಲೈಸೆನ್ಸ್ ತೋರಿಸಿ ನಿಶ್ಚಿಂತನಾಗಿ ನಿಂತ. ಅವನ ಎಲ್‌ಎಂವಿ, ಅಂದರೆ ಲಘು ವಾಹನದ ಲೈಸೆನ್ಸ್ ಸರಿಯಾಗಿಯೇ ಇತ್ತು. ಆದರೆ ಆ ಲೈಸೆನ್ಸಿಗೆ ಲೆಕ್ಕಕ್ಕೆ ಬರುವುದು ಟ್ರ್ಯಾಕ್ಟರಿನ ಖಾಲಿ ತೂಕ, ಅದು ಏಳೂವರೆ ಸಾವಿರ ಕೆ.ಜಿ. ಮೀರಬಾರದು. ಟ್ರಾಲಿಯಲ್ಲಿ ಎಷ್ಟು ಹೇರಬಹುದೆಂಬುದಕ್ಕೆ ಟ್ರಾಲಿಯ ನೋಂದಣಿ ಪತ್ರವಾದ ಆರ್‌ಸಿಯಲ್ಲಿ ಬೇರೆಯೇ ಮಿತಿ ಇರುತ್ತದೆ. ಅದನ್ನು ಅವನು ಓದಿಯೇ ಇರಲಿಲ್ಲ.

ದಂಡದ ಚೀಟಿ ಬರೆದೆ. ಆದರೆ ಚೀಟಿ ಜೇಬಿಗೆ ಹೋದೊಡನೆ ಅಣ್ಣ ಮತ್ತೆ ಬಂಪರ್ ಏರುತ್ತಾರೆಂದು ಗೊತ್ತಿತ್ತು. ಹತ್ತಿರದಲ್ಲೇ ಕಾಟಾ, ಅಂದರೆ ಲಾರಿ ತೂಗುವ ವೇಬ್ರಿಡ್ಜ್ ಇತ್ತು. ಶರಣಪ್ಪನವರನ್ನು ಇಳಿಸಿ ಗಾಡಿಯನ್ನು ನಿಧಾನವಾಗಿ ಅಲ್ಲಿಗೆ ತರಿಸಿದೆ. ಮುಂದಿನ ಎರಡು ಗಾಲಿಗಳನ್ನಷ್ಟೇ ಕಾಟಾದ ಮೇಲೆ ನಿಲ್ಲಿಸಿದೆವು. 240 ಕೆ.ಜಿ. ಬಂತು. "ಈಗ ಕುಂದ್ರಿ" ಎಂದೆ. ಶರಣಪ್ಪ ಕುಳಿತರು. 310.

ಆಮೇಲೆ ಹಿಂದಿನ ಟ್ರಾಲಿ ಬಿಚ್ಚಿಸಿದೆ. ಕೊಂಡಿಯ ಮೇಲೆ ಬೀಳುವ ಭಾರವೇ ಟ್ರ್ಯಾಕ್ಟರಿನ ಹಿಂಭಾಗವನ್ನು ಅದುಮಿ ಮೂತಿಯನ್ನು ಮೇಲೆತ್ತುತ್ತಿತ್ತು. ಮುಂದಿನದರಲ್ಲಿ ಕೊಂಡಿಯ ಕಡೆಗೇ ಪೇರಿಸಿದ್ದ ಹೆಚ್ಚಿನ ಕಬ್ಬನ್ನು ಇಳಿಸಿ, ಉಳಿದದ್ದರ ಭಾರ ಟ್ರಾಲಿಯ ಆ್ಯಕ್ಸಲ್ ಮೇಲೆ ಬೀಳುವಂತೆ ಜೋಡಿಸಿದೆವು. ನಾನೂ ತೋಳೇರಿಸಿ ಕಬ್ಬು ಹೊತ್ತೆ. ಸಮವಸ್ತ್ರವೆಲ್ಲ ರವದಿ, ಕಬ್ಬಿನ ಒಣ ಗರಿ. ಬಂಪರ್ ಮೇಲೆ ಯಾರೂ ಇಲ್ಲದೆ ಮತ್ತೆ ತೂಗಿದಾಗ 620!

ಕಾಶಿನಾಥ ಆ ಅಂಕಿಯನ್ನೇ ದಿಟ್ಟಿಸಿದ. ನಂತರ ಅಣ್ಣನ ಕೈ ಹಿಡಿದ. "ಎಪ್ಪತ್ತು ಕಿಲೋಕ್ಕಾಗಿ ನಾ ನಿನ್ನ ಜೀವಾ ಮುಂದಿಟ್ಟು ಗಾಡಿ ಹೊಡ್ದೆನಲ್ಲೋ ಅಣ್ಣಾ!" ಅವನ ಕಣ್ಣಲ್ಲಿ ನೀರು ಬಂತು. ಶರಣಪ್ಪ ಬೇರೆ ಕಡೆ ಮುಖ ತಿರುಗಿಸಿದರು. ಅಂದು ಅವರು ಎರಡು ಸಲ ಓಡಾಡಿ ಕಾರ್ಖಾನೆಗೆ ಕಬ್ಬು ಮುಟ್ಟಿಸಿದರು.

ಮುಂದಿನ ಹಂಗಾಮಿಗೆ ಮುಂಚೆ ನಮ್ಮ ಚಾಲನಾ ಪರೀಕ್ಷೆಯ ಮೈದಾನದಲ್ಲಿ ಶರಣಪ್ಪ ಲೈಸೆನ್ಸಿಗಾಗಿ ಸಾಲಿನಲ್ಲಿ ನಿಂತಿದ್ದರು. ಎರಡು ಟ್ರಿಪ್ಪಿಗೆ ತಮ್ಮನೊಬ್ಬನೇ ಸಾಲುವುದಿಲ್ಲವಂತೆ. ಟ್ರಾಲಿ ಸಮೇತ ಹಿಂದಕ್ಕೆ ಬಿಡಲು ಹೇಳಿದೆ. ಪಳಗಿದವರ ಕೈಯಲ್ಲೂ ಟ್ರಾಲಿ ಅಡ್ಡ ಹೋಗುವ ಕೆಲಸವದು. ಒಂದೇ ಸಲಕ್ಕೆ ಗೆರೆ ಎಳೆದಂತೆ ಬಿಟ್ಟರು.

"ಎಲ್ಲಿ ಕಲಿತ್ರಿ?" ಎಂದೆ.

"ನಾಕ್ ವರ್ಷ ಮುಂದ ಕುಂತು ಹಿಂದಕ್ಕೇ ನೋಡಾಕತ್ತಿದ್ದೆನಲ್ರಿ ಸಾಹೇಬ್ರೆ!"

ಮೈದಾನವೆಲ್ಲ ನಕ್ಕಿತು. ನಾನು ನಗುತ್ತಲೇ 'ಉತ್ತೀರ್ಣ' ಎಂದು ಬರೆದು ಸಹಿ ಹಾಕಿದೆ. ಸೇವೆಯಲ್ಲಿ ಎಷ್ಟು ದಂಡದ ಚೀಟಿ ಹರಿದುಕೊಟ್ಟೆನೋ ನೆನಪಿಲ್ಲ. ನಿಯಮವನ್ನು ಬಾಯಲ್ಲಿ ಹೇಳುವುದಕ್ಕಿಂತ ಕಣ್ಣಿಗೆ ಕಾಣಿಸುವುದೇ ಈ ಕೆಲಸ ಎಂದು ಅಂದು ಆ ಕಾಟಾದ ಬಳಿ ಕಲಿತೆ. ಆ ಒಂದು ಸಹಿ ಮಾತ್ರ ನನಗೆ ಇಂದಿಗೂ ಹೆಮ್ಮೆ.